ಖಾಲಿ ಜಾಗಕ್ಕೆ ಹುಲ್ಲು

ಕಟ್ಟಡಗಳ ಮಾಡೆಲ್ ಮಾಡುವ ಕೆಲಸಕ್ಕೆ ಈಗ ಸೇರುತ್ತಿರುವವರು ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನೀವು ಮಾಡಿದ್ದು ಯಾವುದೂ ಉಳಿಯುವುದಿಲ್ಲ. ಫ್ಲ್ಯಾಟುಗಳೆಲ್ಲ ಮಾರಾಟವಾದ ಮೇಲೆ ಮೇಲಿನ ಗಾಜಿನ ಪೆಟ್ಟಿಗೆಯನ್ನು ಯಾರೋ ಮೀನು ಸಾಕುತ್ತೇವೆಂದು ಒಯ್ಯುತ್ತಾರೆ. ಕೆಳಗಿನ ಹಲಗೆ ವಾಚ್‌ಮನ್ ಮನೆಯ ಬಚ್ಚಲಿಗೆ ಬಾಗಿಲಾಗುತ್ತದೆ. ನಾನು ಜೀವ ತೇದು ಹಾಕಿದ ಹುಲ್ಲಿನ ಮೇಲೆ ಒಬ್ಬ ಒದ್ದೆ ಟವೆಲ್ ಒಣಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಆಯುಸ್ಸಿನ ಕೆಲಸಕ್ಕೆ ಸಿಕ್ಕ ಸನ್ಮಾನ ಅದು.

ನನ್ನ ಹೆಸರು ಬಸವರಾಜ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನಲ್ಲಿ ನಮ್ಮ ವರ್ಕ್‌ಶಾಪ್ ಇತ್ತು. ಬಿಲ್ಡರುಗಳು ಮುಂದೆ ಕಟ್ಟಲಿರುವ ಲೇಔಟು, ಅಪಾರ್ಟ್‌ಮೆಂಟುಗಳನ್ನು ಮೇಜಿನ ಮೇಲೆ ಪುಟ್ಟದಾಗಿ ಮಾಡಿಕೊಡುವುದು ನಮ್ಮ ಕಸುಬು. ಆಗೊಮ್ಮೆ ಈಗೊಮ್ಮೆ ವಸ್ತುಪ್ರದರ್ಶನಕ್ಕೆಂದು ಊರು, ಕೆರೆ, ಕಾಡಿನ ದೃಶ್ಯವನ್ನೂ ಮಾಡುತ್ತಿದ್ದೆವು. ಕಟ್ಟಡ ಮಾಡುವವರಿಗೆ ಕಿಟಕಿ ಪಕ್ಕದ ಮೇಜು, ತಲೆಯ ಮೇಲೆ ಫ್ಯಾನು. ಹುಲ್ಲು ಮಾಡುವ ನನಗೆ ಟಾಯ್ಲೆಟ್ ಪಕ್ಕದ ಮೂಲೆ. ಫ್ಯಾನ್ ಹಾಕಿದರೆ ಹುಲ್ಲಿನ ಪುಡಿ ಹಾರುತ್ತದೆ, ಅದು ನಿಜವೇ. ಆದರೆ ಬೆವರುತ್ತಿದ್ದವನು ನಾನು ತಾನೆ? ಅದಕ್ಕೂ ತಮಾಷೆ. "ಬಸವಂಗೆ ಹುಲ್ಲೇ ಗತಿ ಕಣೋ" ಅಂತ ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು.

ನಾನು ಸೇರಿದಾಗ ಹುಲ್ಲೆಂದರೆ ಮರದ ಹೊಟ್ಟು. ಸಾಮಿಲ್ಲಿನಿಂದ ಮೂಟೆಯಲ್ಲಿ ತಂದು, ಜರಡಿ ಹಿಡಿದು, ಹಸಿರು ಬಣ್ಣದ ನೀರಿನಲ್ಲಿ ನೆನೆಸಿ, ತಾರಸಿಯ ಮೇಲೆ ಪೇಪರ್ ಹಾಸಿ ಒಣಗಿಸುವುದು. ಹಲಗೆಗೆ ಬಿಳಿ ಗೋಂದು ಬಳಿದು ಮೇಲಿಂದ ಉದುರಿಸುವುದು. ಅಷ್ಟೇ. ನೋಡಿದರೆ ಬಾಗಿಲ ಮುಂದೆ ರಂಗೋಲಿಗೆ ಬಣ್ಣ ತುಂಬಿದ ಹಾಗೆ ಕಾಣುತ್ತಿತ್ತೇ ಹೊರತು ಹುಲ್ಲಿನ ಹಾಗಲ್ಲ. ನನಗೆ ಅದು ಒಗ್ಗಲಿಲ್ಲ. ಕೆಳಗೆ ಮಣ್ಣು ಕಾಣದಿದ್ದರೆ ಅದೆಂಥ ಹುಲ್ಲು? ಮನೆಯಲ್ಲಿ ಈ ಮಾತು ಎತ್ತಿದಾಗ ನನ್ನ ಹೆಂಡತಿ ಸುವರ್ಣ ಫಿಲ್ಟರಿನ ತಳದಲ್ಲಿದ್ದ ಕಾಫಿ ಚರಟವನ್ನು ನನ್ನ ಮುಂದೆ ಬಡಿದು, "ಇದನ್ನ ಒಣಗಿಸಿ ನೋಡ್ರಿ, ಥೇಟ್ ಮಣ್ಣು" ಅಂದಳು. ಹೌದಲ್ಲ! ಅಂದಿನಿಂದ ವಿಜಯನಗರದ ನಮ್ಮ ಬಾಡಿಗೆ ಮನೆಯ ಕಾಫಿ ಚರಟವೆಲ್ಲ ಬಿಲ್ಡರುಗಳ ಪಾರ್ಕುಗಳಿಗೆ ಹೋಯಿತು. ಸರಿಯಾಗಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ, ಜ್ಞಾಪಕವಿರಲಿ.

ನಮ್ಮ ಯಜಮಾನರು ಗೋಪಿನಾಥ್ ಸಾರ್. ಮನುಷ್ಯ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಹಬ್ಬಕ್ಕೆ ಸ್ವೀಟ್ ಬಾಕ್ಸ್ ಕೊಡುತ್ತಿದ್ದರು, ಜ್ವರ ಬಂದರೆ ರಜೆ ಕೊಡುತ್ತಿದ್ದರು. ಆದರೆ ನನಗೆ ಸೇರಿದ ಹೊಸತರಲ್ಲೇ ಒಂದು ಪಾಠ ಹೇಳಿಕೊಟ್ಟರು. ಬಿಲ್ಡರಿಂದ ಬರುವ ಪ್ಲಾನಿನಲ್ಲಿ ಕೆಲವು ಕಡೆ ಏನೂ ಬರೆದಿರುವುದಿಲ್ಲ, ಬರೀ ಬಿಳಿ. ಅಂಥ ಒಂದು ಜಾಗಕ್ಕೆ ಬೆರಳಿಟ್ಟು, "ಸಾರ್, ಇಲ್ಲೇನು?" ಅಂತ ಕೇಳಿದೆ.

"ಹುಲ್ಲು ಹಾಕು."

"ಪಾರ್ಕಾ ಸಾರ್?"

"ಲೋ ಬಸವಾ, ಖಾಲಿ ಬಿಟ್ರೆ ಕಸ್ಟಮರ್ ಬಂದು ಇಲ್ಲೇನು ಅಂತ ಕೇಳ್ತಾನೆ. ಹುಲ್ಲು ಹಾಕಿದ್ರೆ ಯಾರೂ ಏನೂ ಕೇಳಲ್ಲ. ಗೊತ್ತಾಯ್ತಾ?"

ಗೊತ್ತಾಯಿತು. ಅಲ್ಲಿಂದ ಮುಂದೆ ನಾನು ಖಾಲಿ ಕಂಡಲ್ಲೆಲ್ಲ ಹುಲ್ಲು ಹಾಕಿದೆ. ಮೇಲೆ ಕರೆಂಟಿನ ದಪ್ಪ ತಂತಿ ಹಾದುಹೋದ ಜಾಗಕ್ಕೆ, ಕೋರ್ಟಿನಲ್ಲಿ ವ್ಯಾಜ್ಯ ಇದ್ದ ಜಾಗಕ್ಕೆ, ಮೋರಿಗೆ, ಎಲ್ಲಕ್ಕೂ ಒಂದೇ ಹಸಿರು. ನೌಕರಿ ಮಾಡುವವನು ಹೇಳಿದ್ದು ಮಾಡುತ್ತಾನೆ.

ಒಂದು ಫಜೀತಿಯನ್ನು ಹೇಳಲೇಬೇಕು. ನಮ್ಮ ಜನಕ್ಕೆ ಮಾಡೆಲ್ಲಿಗೂ ಪೂಜೆಯಾಗಬೇಕು. ಬಸವೇಶ್ವರನಗರದ ಒಬ್ಬ ಬಿಲ್ಡರ್ ತನ್ನ ಆಫೀಸಿನಲ್ಲಿ ದೊಡ್ಡದಾಗಿ ಉದ್ಘಾಟನೆ ಇಟ್ಟುಕೊಂಡ. ಪುರೋಹಿತರು ಬಂದರು. ಗಾಜಿನ ಮುಚ್ಚಳ ತೆಗೆಸಿದರು. ಮಾವಿನ ಎಲೆಯನ್ನು ಕಲಶದಲ್ಲಿ ಅದ್ದಿ, ನಾಲ್ಕು ದಿಕ್ಕಿಗೂ ಧಾರಾಳವಾಗಿ ಪ್ರೋಕ್ಷಣೆ ಮಾಡಿದರು. ನನ್ನ ಹೊಟ್ಟಿನ ಬಣ್ಣ ನೀರು ಬಿದ್ದರೆ ಬಿಡುವ ಜಾತಿ. ನೋಡನೋಡುತ್ತಿದ್ದಂತೆ ಹುಲ್ಲಿನಿಂದ ಹಸಿರು ನೀರು ಬಿಳಿ ರಸ್ತೆಗೆ ಇಳಿಯಿತು, ರಸ್ತೆಯಿಂದ ಈಜುಕೊಳಕ್ಕೆ ಹರಿಯಿತು. ಸಾಲದ್ದಕ್ಕೆ ಬಿಲ್ಡರ್ ಹೆಂಡತಿ ಮಂಗಳಾರತಿ ತಟ್ಟೆಯನ್ನು ಬಗ್ಗಿಸಿ ಬೆಳಗಲು ಹೋಗಿ ಕ್ಲಬ್‌ಹೌಸಿನ ಮುಂದಿನ ಪ್ಲಾಸ್ಟಿಕ್ ತೆಂಗಿನ ಮರ ಕರಗಿಸಿದರು. ಅವರಿಗೆ ಯಾರೂ ಏನೂ ಅನ್ನಲಿಲ್ಲ. ಬೈಸಿಕೊಂಡವನು ನಾನು. "ಥೂ ನಿನ್ನ, ಪೂಜೆ ಮಾಡ್ತಾರೆ ಅಂತ ಗೊತ್ತಿರಬೇಡ್ವೇನಯ್ಯ?" ಅಂತ ಯಜಮಾನರು ಎಲ್ಲರ ಎದುರು ಕೂಗಾಡಿದರು. ಆಮೇಲಿಂದ ಪೂಜೆಯೇನಿದ್ದರೂ ಮುಚ್ಚಳದ ಮೇಲೆಯೇ ಆಗಲಿ ಅಂತ ನಿಂತು ನೋಡಿಕೊಳ್ಳುತ್ತಿದ್ದೆ. ನೀವೂ ಹಾಗೇ ಮಾಡಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಆಮೇಲೆ ನೈಲಾನ್ ಎಳೆಯ ಹುಲ್ಲು ಬಂತು. ಹಿಡಿಕೆ ಇರುವ ಒಂದು ಜರಡಿ, ಅದಕ್ಕೆ ಕರೆಂಟು. ಗೋಂದು ಬಳಿದ ಜಾಗಕ್ಕೆ ಒಂದು ಮೊಳೆ ಚುಚ್ಚಿ ಅದಕ್ಕೆ ಜರಡಿಯ ತಂತಿ ಸಿಕ್ಕಿಸಿ ಜರಡಿ ಅಲ್ಲಾಡಿಸಿದರೆ ಎಳೆಗಳು ಮೈ ಮುಳ್ಳೆದ್ದ ಹಾಗೆ ನೆಟ್ಟಗೆ ನಿಲ್ಲುತ್ತವೆ. ಮೊದಲ ಸಲ ನೋಡಿದಾಗ ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಎಲ್ಲರೂ ಒಂದೇ ಹಸಿರು ಸುರಿದು ಮುಗಿಸುತ್ತಿದ್ದರು. ನಾನು ಹಾಗಲ್ಲ. ಮೊದಲು ಒಣಹುಲ್ಲಿನ ಬಣ್ಣ, ಗಿಡ್ಡ ಎಳೆ. ಅದರ ಮೇಲೆ ಮಾಸಲು ಹಸಿರು. ಕೊನೆಗೆ ಅಲ್ಲೊಂದು ಇಲ್ಲೊಂದು ಎಳೆಹಸಿರು. ಗೋಡೆಯ ಬುಡದಲ್ಲಿ ಉದ್ದ, ಮರದ ನೆರಳಲ್ಲಿ ತೆಳ್ಳಗೆ, ಜನ ಅಡ್ಡದಾರಿ ಹಿಡಿಯುವ ಕಡೆ ಸವೆದ ಕಾಲುದಾರಿ. ಇಷ್ಟು ಮಾಡಿದರೂ ಹುಲ್ಲುಗಾವಲು ಸತ್ತ ಹಾಗೇ ಕಾಣುತ್ತದೆ. ಅದಕ್ಕೆ ಜೀವ ಬರಬೇಕಾದರೆ ಮರದ ಕೆಳಗೆ ಒಂದು ಕಲ್ಲುಬೆಂಚು, ಅದರ ಮೇಲೆ ಇಬ್ಬರು ಕೂತಿರಬೇಕು. ಅಕ್ಕಿಕಾಳಿನಷ್ಟು ಗೊಂಬೆಗಳು ಸಾಕು. ವಯಸ್ಸಾದ ಜೋಡಿಯಾದರೆ ಕಸ್ಟಮರು ನೋಡಿದ ಕೂಡಲೇ ಕರಗುತ್ತಾರೆ. ಈ ಯುಕ್ತಿ ನನ್ನದೇ, ಇದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಕೆಂಗೇರಿಯಿಂದ ಆಚೆ ಒಂದು ಲೇಔಟಿನ ಮಾಡೆಲ್ ಬಂತು. ಬುಕಿಂಗ್ ಶುರುವಾಗುವ ಮುಂಚೆ ನಮ್ಮ ಶೆಡ್ಡಿನವರೂ ಸೈಟು ಆರಿಸಿಕೊಳ್ಳಬಹುದು ಅಂದರು ಬಿಲ್ಡರು. ಸುವರ್ಣಳಿಗೆ ಆಗಲೇ ಮಂಡಿ ನೋವು. ವಿಜಯನಗರದ ನಮ್ಮ ಬೀದಿಯಲ್ಲಿ ಸ್ಕೂಟರು, ತಳ್ಳುಗಾಡಿ ತಪ್ಪಿಸಿಕೊಂಡು ವಾಕಿಂಗ್ ಮಾಡುವುದೆಂದರೆ ಸರ್ಕಸ್ಸು. "ಎದುರಿಗೇ ಒಂದು ಪಾರ್ಕಿದ್ರೆ ಸಾಕು ನೋಡ್ರಿ, ಬಂಗಾರ ಬೇಡ" ಅನ್ನುತ್ತಿದ್ದಳು. ಆ ಲೇಔಟಿನ ಅಂಚಿಗೆ, ಒಂದು ಹೊಂಗೆ ಮರದ ಸುತ್ತ, ದೊಡ್ಡ ಹುಲ್ಲುಗಾವಲು. ನಾನೇ ಹಾಕಿದ್ದು. ಅದರ ಎದುರಿನ ಸೈಟು ಆರಿಸಿದೆ. ಮರದ ಕೆಳಗೆ ಬೆಂಚು, ಅದರ ಮೇಲೆ ಎರಡು ಗೊಂಬೆ ಅಂಟಿಸಿ, ಸುವರ್ಣಳನ್ನು ಒಂದು ಭಾನುವಾರ ಶೆಡ್ಡಿಗೆ ಕರೆದುಕೊಂಡು ಬಂದು ತೋರಿಸಿದೆ. "ಇವನು ನಾನು, ಇವಳು ನೀನು" ಅಂದೆ. "ನನ್ನ ಸೀರೆ ಬಣ್ಣ ಚೆನ್ನಾಗಿಲ್ಲ" ಅಂತ ನಕ್ಕಳು.

ಜಾಗ ನೋಡಲು ಹೋಗಲಿಲ್ಲವೇ ಅಂತ ನೀವು ಕೇಳಬಹುದು. ಹೋಗಿದ್ದೆ. ಆಗ ಅಲ್ಲೆಲ್ಲ ಆಳೆತ್ತರ ಲಂಟಾನ ಪೊದೆ. ನಡುವೆ ಹೊಂಗೆ ಮರದ ತಲೆ ಕಾಣುತ್ತಿತ್ತು. "ಅದೇ ಸಾರ್ ಪಾರ್ಕು, ಕ್ಲೀನ್ ಮಾಡಿಸ್ತಾರೆ" ಅಂದ ಏಜೆಂಟು. ನಂಬಿದೆ. ಮಾಡೆಲ್ಲಿನಲ್ಲಿ ಹುಲ್ಲಿತ್ತಲ್ಲ.

ಮನೆ ಕಟ್ಟಿ ಗೃಹಪ್ರವೇಶ ಮಾಡಿ ಬಾಗಿಲ ತೋರಣ ಇನ್ನೂ ಬಾಡಿರಲಿಲ್ಲ. ಬೆಳಗ್ಗೆ ಕಾಫಿ ಕುಡಿಯುತ್ತಿದ್ದೆವು. ದೂರದಿಂದ ತಮಟೆ ಸದ್ದು ಕೇಳಿತು. ಯಾವುದೋ ಮೆರವಣಿಗೆ ಅಂತ ಸುವರ್ಣ ಕಿಟಕಿಗೆ ಹೋದಳು. ಹೆಗಲ ಮೇಲೆ ಹೆಣ ಹೊತ್ತವರು ಪುರಿ ಚೆಲ್ಲುತ್ತ ಬಂದು ನಮ್ಮ ಮನೆಯ ಎದುರಿಗೇ ನಿಂತರು, ಪೊದೆ ಸರಿಸಿ ಒಳಗೆ ಹೋದರು. ಪಕ್ಕದ ಹಳ್ಳಿಯವರ ಸ್ಮಶಾನ ಅದು. ಅಜ್ಜ ಮುತ್ತಜ್ಜನ ಕಾಲದ್ದು.

ನಾನು ಅಂದೇ ಶೆಡ್ಡಿಗೆ ಹೋಗಿ ಯಜಮಾನರ ಮುಂದೆ ನಿಂತೆ. "ಸಾರ್, ಅದು ಸ್ಮಶಾನ ಸಾರ್!"

"ಗೊತ್ತು ಕಣಯ್ಯ. ಅದಕ್ಕೇ ಪ್ಲಾನಲ್ಲಿ ಖಾಲಿ ಬಿಟ್ಟಿದ್ರು."

"ಗೊತ್ತಿದ್ದೂ ನಂಗೆ ಹೇಳ್ಲಿಲ್ವಾ?"

"ನೀನು ಅದೇ ಸೈಟ್ ತಗೋತೀಯ ಅಂತ ನಂಗೇನು ಕನಸು ಬೀಳುತ್ತಾ? ಅಲ್ಲಯ್ಯಾ, ಮಾಡೆಲ್ ಮಾಡೋನೇ ಮಾಡೆಲ್ ನಂಬಿದ್ರೆ ಹೆಂಗೆ? ಅದು ಬರೀ ಮಾಡೆಲ್ ಕಣಯ್ಯ!" ಅಂತ ನಕ್ಕರು. ಶೆಡ್ಡಿನವರೂ ನಕ್ಕರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆದರೂ ಮರುದಿನ ಹೋಗಿ ಅದೇ ಮೂಲೆಯಲ್ಲಿ ಕೂತು ಇನ್ನೊಬ್ಬರ ಖಾಲಿ ಜಾಗಕ್ಕೆ ಹುಲ್ಲು ಹಾಕಿದೆ. ಹೊಟ್ಟೆಪಾಡು ಯಾರಪ್ಪನ ಮಾತೂ ಕೇಳುವುದಿಲ್ಲ.

ಸುವರ್ಣ ಆ ಕಿಟಕಿ ಮುಚ್ಚಿ, ಅದಕ್ಕೆ ಅಡ್ಡಲಾಗಿ ಕಬ್ಬಿಣದ ಬೀರು ಇಡಿಸಿದಳು. ವಾಕಿಂಗೆಲ್ಲ ತಾರಸಿಯ ಮೇಲೆಯೇ, ಅದೂ ಹಿಂದಿನ ಅರ್ಧದಲ್ಲಿ. ಜಗಳವಾಡಿದ್ದರೆ ತಡೆದುಕೊಳ್ಳಬಹುದಿತ್ತು, ಆಡಲಿಲ್ಲ. ತಮಟೆ ಕೇಳಿಸಿದಾಗ ಮಾತ್ರ ಅಡಿಗೆಮನೆಯಿಂದ, "ರೀ, ನಿಮ್ಮ ಪಾರ್ಕಿಗೆ ಜನ ಬಂದ್ರು ನೋಡ್ರಿ" ಅನ್ನುತ್ತಿದ್ದಳು. ಅಷ್ಟು ಸಾಕಾಗುತ್ತಿತ್ತು ನನಗೆ.

ನಾನು ನಿವೃತ್ತನಾದ ಮೇಲೆ ಅವಳು ಹಾಸಿಗೆ ಹಿಡಿದಳು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದರು, ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು. ಒಂದು ಸಂಜೆ, "ಆ ಬೀರು ಸರಿಸ್ರಿ. ನಿಮ್ಮ ಪಾರ್ಕು ನೋಡೋಣ" ಅಂದಳು. ಪಕ್ಕದ ಮನೆಯವರನ್ನು ಕರೆದು ಸರಿಸಿದೆ, ಕಿಟಕಿ ತೆಗೆದೆ. ಪೊದೆಯನ್ನು ಹಳ್ಳಿಯವರು ಎಷ್ಟೋ ಹಿಂದೆಯೇ ಸವರಿದ್ದರು. ಮಳೆಗಾಲ ಬೇರೆ. ಗೋರಿಯ ದಿಣ್ಣೆಗಳ ಮೇಲೆಲ್ಲ ಹುಲ್ಲು ಎದ್ದು ಗಾಳಿಗೆ ಒಂದೇ ಸಮ ಬಾಗುತ್ತಿತ್ತು. ಅವಳು ದಿಂಬಿಗೆ ಒರಗಿ ತುಂಬ ಹೊತ್ತು ನೋಡಿದಳು.

"ಚೆನ್ನಾಗಿದೆ ಕಣ್ರೀ. ನೀವು ಹಾಕೋ ಹಂಗಿಲ್ಲ ಬಿಡಿ."

"ನಾನು ಹಾಕೋದು ನೈಲಾನು ಕಣೇ."

"ನನ್ನನ್ನ ಊರಿಗೆ ಗೀರಿಗೆ ಹೊತ್ಕೊಂಡು ಹೋಗ್ಬೇಡ್ರಿ. ಇಲ್ಲೇ ಸಾಕು, ಆ ಮರದ ಕೆಳಗೆ. ನೀವು ಕಾಫಿ ಕುಡೀತಾ ಕಾಣ್ತೀರಲ್ಲ."

ನಮ್ಮಲ್ಲಿ ಸುಡುವುದಿಲ್ಲ, ಮಣ್ಣಿಗಿಡುತ್ತೇವೆ. ಅವಳು ಹೋದ ದಿನ ಹಳ್ಳಿಯ ಹಿರಿಯರ ಹತ್ತಿರ ಹೋಗಿ ಕೈಮುಗಿದು ಕೇಳಿದೆ. "ಎದುರುಗಡೆ ಮನೇವ್ರು ತಾನೆ, ಬನ್ನಿ ಸ್ವಾಮಿ, ಸತ್ತೋರಿಗೆ ಜಾಗ ಇಲ್ಲ ಅನ್ನೋಕಾಗುತ್ತಾ?" ಅಂದರು. ಬದುಕಿದ್ದಾಗ ಅವಳಿಗೆ ಒಂದು ಪಾರ್ಕು ಕೊಡಲಾರದವನು ನಾನು. ಆ ಮರದ ಕೆಳಗೆ ಮಲಗಿಸಿ ಬಂದೆ. ಹುಲ್ಲು ಮೊದಲು ದಿಣ್ಣೆಯ ಅಂಚಿಗೆ ಬಂತು, ಗರಿಕೆ. ನಡುವೆ ಬಹಳ ದಿನ ಕೆಮ್ಮಣ್ಣು ಹಾಗೇ ಕಾಣುತ್ತಿತ್ತು. ಎಳೆ ಯಾವ ಕಡೆಗೆ ಬಾಗುತ್ತದೆ, ಎಲ್ಲಿ ಮೊದಲು ಒಣಗುತ್ತದೆ, ಎಲ್ಲವನ್ನೂ ಆ ಕಿಟಕಿಯಲ್ಲಿ ಕೂತು ನೋಡಿದೆ. ಕೆಲಸ ಬಿಟ್ಟ ಮೇಲೆ ಕಸುಬು ಪೂರ್ತಿ ಕಲಿತೆ ಅನ್ನಬೇಕು. ಏನು ಪ್ರಯೋಜನ?

ಹೋದ ವರ್ಷ ನಯನಾ ಎಂಬ ಹುಡುಗಿ ಫೋನ್ ಮಾಡಿದಳು. ದೀಪಾಂಜಲಿ ನಗರದಲ್ಲಿ ತನ್ನದೇ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದಾಳೆ. ಕಟ್ಟಡವನ್ನೆಲ್ಲ ಲೇಸರ್ ಮಷೀನು ಕತ್ತರಿಸಿಕೊಡುತ್ತದೆ. "ಅಂಕಲ್, ಮಷೀನಿಗೆ ಹುಲ್ಲು ಬರಲ್ಲ. ಒಂದು ಪಾರ್ಕ್ ಪ್ರಾಜೆಕ್ಟ್ ಬಂದಿದೆ, ನೀವೇ ಹೇಳ್ಕೊಡಬೇಕು ಪ್ಲೀಸ್" ಅಂದಳು. ನನಗೋ, ಯಾರಾದರೂ ಕೇಳಿದರಲ್ಲ ಅಂತ ಮೈಯೆಲ್ಲ ಹಿಗ್ಗಿತು. ಕೆಂಗೇರಿಯಲ್ಲಿ ಮೆಟ್ರೋ ಹತ್ತಿ ಹೋಗಿ ದಿನವೂ ಕಲಿಸಿದೆ. ಒಣಬಣ್ಣ ಮೊದಲು, ಹಸಿರು ಆಮೇಲೆ. ಪ್ಯಾಕೆಟಿನ ಮಣ್ಣು ಬಿಸಾಡು, ಕಾಫಿ ಚರಟ ತಾ. ಮರದ ನೆರಳಲ್ಲಿ ತೆಳ್ಳಗೆ. ಬೆಂಚು ಯಾವಾಗಲೂ ಮರದ ಕೆಳಗೆ, ಅದರ ಮೇಲೆ ವಯಸ್ಸಾದ ಜೋಡಿ. ಒಂದು ಹಲಗೆಯ ತುಂಡಿನ ಮೇಲೆ ಎಲ್ಲವನ್ನೂ ಮಾಡಿ ತೋರಿಸಿದೆ. ಹುಡುಗಿಯ ಕೈ ಚೆನ್ನಾಗಿತ್ತು, ನನಗಿಂತ ಹಗುರ. ಯಾವ ಊರಿನ ಪಾರ್ಕು ಅಂತ ನಾನು ಕೇಳಲಿಲ್ಲ. ಹೊಗಳಿಸಿಕೊಳ್ಳುತ್ತಿರುವಾಗ ಯಾರು ಕೇಳುತ್ತಾರೆ?

ಆಮೇಲೊಂದು ಭಾನುವಾರ ನಮ್ಮ ಲೇಔಟಿನ ನಿವಾಸಿಗಳ ಸಂಘದಲ್ಲಿ ಮೀಟಿಂಗು. ಎಲ್ಲರೂ ಬರಲೇಬೇಕು ಅಂದಿದ್ದರು. ಹಾಲ್ ನಡುವೆ ಮೇಜಿನ ಮೇಲೆ ಏನೋ ಬಟ್ಟೆ ಮುಚ್ಚಿತ್ತು. ಪಕ್ಕದಲ್ಲಿ ನಯನಾ ನಿಂತಿದ್ದಳು. ನನ್ನನ್ನು ನೋಡಿ, "ಅಯ್ಯೋ ಅಂಕಲ್, ನೀವಿರೋದು ಇಲ್ಲೇನಾ?" ಅಂದಳು. ಸಂಘದ ಕಾರ್ಯದರ್ಶಿ ಮಂಜುನಾಥ್ ತೆಂಗಿನಕಾಯಿ ಒಡೆದು ಬಟ್ಟೆ ಸರಿಸಿದರು. ಪ್ರೋಕ್ಷಣೆಗೆಂದು ಗಾಜಿನ ಮುಚ್ಚಳವನ್ನೂ ತೆಗೆದಿಟ್ಟಿದ್ದರು.

ನಮ್ಮ ಲೇಔಟೇ. ನಮ್ಮ ಮನೆ ಗುರುತು ಸಿಕ್ಕಿತು. ಅದರ ಎದುರಿಗೆ ಹುಲ್ಲು.

ಎಂಥ ಹುಲ್ಲು! ಗೋಡೆಯ ಬುಡದಲ್ಲಿ ಉದ್ದ, ನೆರಳಲ್ಲಿ ತೆಳ್ಳಗೆ, ನಡುವೆ ಸವೆದ ಕಾಲುದಾರಿ. ನನ್ನ ಕೈಯೇ ಹಾಕಿದ ಹಾಗಿತ್ತು. ಒಂದು ದಿಣ್ಣೆ ಇಲ್ಲ. ಎಲ್ಲ ಮಟ್ಟಸ. ಹೊಂಗೆ ಮರದ ಕೆಳಗೆ ಕಲ್ಲುಬೆಂಚು, ಅದರ ಮೇಲೆ ಇಬ್ಬರು ಕೂತಿದ್ದರು.

"ಸ್ಮಶಾನ ಆ ಕಡೆಗೆ ಶಿಫ್ಟ್ ಮಾಡಿಸಿ ಪಾರ್ಕ್ ಮಾಡೋದು ನಮ್ಮ ಪ್ಲಾನು. ಮೇಲಿನ ಅಧಿಕಾರಿಗಳಿಗೆ ಈ ಮಾಡೆಲ್ ತೋರಿಸಿದ್ರೆ ಕೆಲಸ ಸಲೀಸು" ಅಂದರು ಮಂಜುನಾಥ್. ಜನ ಚಪ್ಪಾಳೆ ತಟ್ಟಿದರು. ಹುಲ್ಲನ್ನು ಎಲ್ಲರೂ ಬಗ್ಗಿ ಬಗ್ಗಿ ನೋಡಿ, "ಸಖತ್ತಾಗಿದೆ, ನಿಜವಾದ ಹುಲ್ಲೇ" ಅಂದರು.

"ಮಂಜುನಾಥ್ ಅವರೇ, ಈ ಬೆಂಚಿನ ಕೆಳಗೆ ನನ್ನ ಹೆಂಡತಿ ಇದಾಳೆ" ಅಂದೆ.

ಮಂಜುನಾಥ್ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಸಾರ್, ಬೇಜಾರ್ ಮಾಡ್ಕೋಬೇಡಿ. ಇನ್ನೂ ಏನೂ ಆಗಿಲ್ಲ. ಇದು ಬರೀ ಮಾಡೆಲ್ ಸಾರ್."

ಆ ಮಾತನ್ನು ಇನ್ನೊಂದು ಸಲ ಕೇಳಬೇಕಾಯಿತಲ್ಲ! ನಯನಾಳ ಕಡೆ ತಿರುಗಿ, "ಅಲ್ಲಮ್ಮಾ, ಅಲ್ಲೇನಿದೆ ಅಂತ ನೀನಾದ್ರೂ ಕೇಳಬಾರದಿತ್ತಾ?" ಅಂದೆ. ಅವಳ ಮುಖ ಬಿಳಿಚಿಕೊಂಡಿತ್ತು.

"ಅಂಕಲ್, ದೇವರಾಣೆ ಗೊತ್ತಿರಲಿಲ್ಲ. ಕೊಟ್ಟ ಪ್ಲಾನಲ್ಲಿ ಮರ ಒಂದೇ ಇದ್ದಿದ್ದು. ಮಿಕ್ಕಿದ್ದು ಖಾಲಿ ಇತ್ತು ಅಂಕಲ್, ಅದಕ್ಕೇ ಹುಲ್ಲು ಹಾಕ್ದೆ."

ಅವಳ ವಯಸ್ಸಿನಲ್ಲಿ ನಾನೂ ಅದನ್ನೇ ಮಾಡಿದೆ, ಅವಳ ವಯಸ್ಸು ದಾಟಿದ ಮೇಲೂ ಅದನ್ನೇ ಮಾಡಿದೆ. ಮೇಜಿನ ಹತ್ತಿರ ಹೋದೆ. ಬೆಂಚನ್ನು ಉಗುರಿನಿಂದ ಮೀಟಿ ಆ ಇಬ್ಬರ ಸಮೇತ ಕಿತ್ತು ಜೇಬಿಗೆ ಹಾಕಿಕೊಂಡೆ. ಆಮೇಲೆ ಮನೆ ಬೀಗದ ಕೈ ತೆಗೆದು ಮರದ ಕೆಳಗಿನ ಹುಲ್ಲನ್ನು ಕೆರೆಯತೊಡಗಿದೆ. ಗೋಂದು ಚೆನ್ನಾಗಿ ಹಿಡಿದಿತ್ತು, ಹೇಳಿಕೊಟ್ಟಿದ್ದು ನಾನೇ ತಾನೆ. "ರೀ ಸಾರ್, ಏನ್ ಮಾಡ್ತಾ ಇದೀರಾ? ಹಿಡ್ಕೊಳ್ರಪ್ಪಾ ಅವರನ್ನ!" ಅಂತ ಮಂಜುನಾಥ್ ಕೂಗಿದರು. ನಯನಾ ಅಡ್ಡ ನಿಂತು, "ಮಾಡ್ಲಿ ಬಿಡಿ ಸಾರ್" ಅಂದಳು. ಹುಲ್ಲು ಹೋಯಿತು, ಕಾಫಿ ಚರಟ ಹೋಯಿತು, ಕೆಳಗಿನ ಹಲಗೆ ಕಂಡಿತು.

ಮಾಡೆಲ್ ಈಗಲೂ ಸಂಘದ ಹಾಲಿನಲ್ಲಿದೆ. ಅದನ್ನು ರಿಪೇರಿ ಮಾಡಿಕೊಡಲು ನಯನಾ ಒಪ್ಪಿಲ್ಲ. ಸಂಘದವರು ಬೇರೆ ಯಾರನ್ನೋ ಹುಡುಕುತ್ತಿದ್ದಾರಂತೆ, ನಿಮ್ಮಲ್ಲೇ ಯಾರಿಗಾದರೂ ಫೋನ್ ಬರಬಹುದು. ಅಲ್ಲಿಯವರೆಗೆ ಹಸಿರಿನ ನಡುವೆ ಅಂಗೈಯಗಲ ಬರೀ ಹಲಗೆ ಕಾಣುತ್ತದೆ. ಹಾಲಿಗೆ ಬಂದವರೆಲ್ಲ ಬಗ್ಗಿ ನೋಡಿ, ಇಲ್ಲೇನು ಅಂತ ಕೇಳುತ್ತಾರೆ. ಕೇಳಲಿ.